ಬೀಳುವ ಮೇಕೆಗೆ ಹೆಸರಿಟ್ಟವಳು

ಮತ್ತೆ ನಡುವೆ ಬಾಯಿ ಹಾಕಿದೆಯಾ ಇಂಚರಾ? ಮೊದಲು ನೀರು ಬೇಕು ಅಂದೆ, ಕೊಟ್ಟೆ. ಆಮೇಲೆ ತಮ್ಮ ಜಡೆ ಎಳೆದ ಅಂದೆ, ಬಿಡಿಸಿದೆ. ಈಗ ಮಾಂತ್ರಿಕ ಕತೆಯೊಳಗೆ ಇನ್ನೂ ಕಾಲೇ ಇಟ್ಟಿಲ್ಲ, ಆಗಲೇ ‘ಅವನ ಹೆಸರೇನಮ್ಮ’ ಅಂತ ಕೇಳುತ್ತೀಯ. ಅವನಿಗೆ ಹೆಸರಿಲ್ಲ. ಇತ್ತೇನೋ, ಯಾರಿಗೂ ಹೇಳಿರಲಿಲ್ಲ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ಮುಂದಿರುವ ಅವರೆಕಾಯಿ ಬಿಡಿಸುತ್ತಾ ಕೇಳು. ಮೊದಲಿಂದ ಹೇಳುತ್ತೇನೆ.

ಬಹಳ ಹಿಂದೆ, ಮೋಡಗಳು ಬೆಟ್ಟದ ಮೇಲೆ ಮಲಗಿ ಏಳುತ್ತಿದ್ದ ಕಾಲದಲ್ಲಿ, ತುಪ್ಪಳಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಕುರಿಗಳಿಗೆ ಬಂಗಾರದ ಉಣ್ಣೆ. ಆ ಉಣ್ಣೆಯ ಕಂಬಳಿ ಹೊದ್ದವರಿಗೆ ಕೆಟ್ಟ ಕನಸು ಬೀಳುತ್ತಿರಲಿಲ್ಲ. ರಾಜ್ಯಕ್ಕೆ ಇದ್ದ ಕಷ್ಟ ಒಂದೇ. ಬೆಟ್ಟದಿಂದ ಬೂದಿ ಬಣ್ಣದ ತೋಳವೊಂದು ಇಳಿದು ಬಂದು ಕುರಿಗಳನ್ನು ಹೊತ್ತೊಯ್ಯುತ್ತಿತ್ತು. ಈಟಿ ಎಸೆದರೆ ಈಟಿಯೇ ಮುರಿಯುತ್ತಿತ್ತು.

ಆಗ ಮಾಂತ್ರಿಕ ಬಂದ. ದೊರೆ ಚಿತ್ತರಸನ ಮುಂದೆ ಒಂದು ಹೋತವನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದ. ಹೋತ ಬೆಚ್ಚಿತು. ಅದರ ನಾಲ್ಕು ಕಾಲೂ ಒನಕೆಯ ಹಾಗೆ ಸೆಟೆದುಕೊಂಡವು. ಧೊಪ್ಪನೆ ಪಕ್ಕಕ್ಕೆ ಬಿತ್ತು.

“ಇದರ ಮರಿಗಳೂ ಹೀಗೇ ಬೀಳುತ್ತವೆ” ಅಂದ ಮಾಂತ್ರಿಕ. “ಹಿಂಡಿಗೊಂದು ಬಿಡಿ. ತೋಳ ಬಂದಾಗ ಕುರಿಗಳು ಓಡುತ್ತವೆ, ಇದು ಬೀಳುತ್ತದೆ. ತೋಳ ಬಿದ್ದದ್ದನ್ನು ತಿಂದು ಹೋಗುತ್ತದೆ.”

ದೊರೆಗೆ ಖುಷಿಯೋ ಖುಷಿ. ಮೇಕೆಯನ್ನು ಯಾರೂ ಕೇಳಲಿಲ್ಲ.

ಬೀಳುವ ಮೇಕೆ ಸಾಕುವ ಕೆಲಸ ಬೆಟ್ಟದ ಬುಡದ ಹಟ್ಟಿಯವರ ಪಾಲಿಗೆ ಬಂತು. ಮರಿ ಹುಟ್ಟಿ ಹೊಕ್ಕುಳು ಒಣಗಿದ ದಿನ ಅದರ ಕಿವಿಯ ಹತ್ತಿರ ಕಂಚಿನ ತಟ್ಟೆ ಬಡಿಯುತ್ತಿದ್ದರು. ಬಿದ್ದ ಮರಿಯನ್ನು ತಳಿಗೆ ಇಟ್ಟುಕೊಳ್ಳುತ್ತಿದ್ದರು. ನಿಂತ ಮರಿಯನ್ನು ಅರಮನೆಯ ಅಡುಗೆಮನೆಗೆ ಕಳಿಸುತ್ತಿದ್ದರು. ನಿಂತರೆ ಸಾರು, ಬಿದ್ದರೆ ತೋಳ. ಇನ್ನೊಂದು ಕಟ್ಟಳೆಯೂ ಇತ್ತು. ಹಟ್ಟಿಯ ನಾಯಿಗೆ, ಎತ್ತಿಗೆ, ಕೋಳಿಗೂ ಹೆಸರಿತ್ತು. ಬೀಳುವ ಮೇಕೆಗೆ ಮಾತ್ರ ಹೆಸರಿಡುವಂತಿರಲಿಲ್ಲ. ಹೆಸರಿಟ್ಟರೆ ತೋಳಕ್ಕೆ ಕೊಡುವ ದಿನ ಹೊಟ್ಟೆ ಉರಿಯುತ್ತದೆ ಎಂದು ಅವರೇ ಮಾಡಿಕೊಂಡ ಕಟ್ಟಳೆ ಅದು.

ತಟ್ಟೆ ಬಡಿಯುವವಳು ಕೆಂಚಿ. ಚಿಕ್ಕ ಪ್ರಾಯದ ಹುಡುಗಿ, ಕೈ ಚುರುಕು. ಯಾವ ಹೋತಕ್ಕೆ ಯಾವ ಮೇಕೆ ಕೂಡಿಸಿದರೆ ಬೇಗ ಬೀಳುವ ಮರಿ ಹುಟ್ಟುತ್ತದೆ ಎಂದು ಹೇಳುವವಳೂ ಅವಳೇ. ಒಂದು ವರ್ಷ ಕೆಂಪು ಮರಿಯೊಂದು ಹುಟ್ಟಿತು. ತಟ್ಟೆ ಬಡಿಯುವ ಮೊದಲೇ, ಕೆಂಚಿ ಸೀನಿದ್ದಕ್ಕೇ ಬಿತ್ತು. ಎದ್ದು, ನಾಚಿಕೆಯಿಲ್ಲದೆ ಅವಳ ಮುಡಿಯಲ್ಲಿದ್ದ ದಾಸವಾಳ ಹೂವನ್ನು ಕಿತ್ತು ತಿಂದಿತು.

“ಥೂ ಕಳ್ಳಿ. ದಾಸವಾಳ” ಅಂದಳು ಕೆಂಚಿ. ಬಾಯಿ ತಪ್ಪಿ ಬಂದ ಮಾತು. ಆದರೆ ಮರುದಿನವೂ ಹಾಗೇ ಕರೆದಳು. ಮರಿ ಓಡಿಬಂತು.

ದಾಸವಾಳ ಬೆಳೆದು ಗಬ್ಬವಾಯಿತು. ಆಗಲೇ ಹಟ್ಟಿಯ ಯಜಮಾನ ಸೋಬಯ್ಯ ಮೇಕೆಗಳನ್ನು ಕೂಡಿಹಾಕುವ ರೊಪ್ಪಕ್ಕೆ ಬಂದು ಅದರ ಕೊರಳಿಗೆ ಬಿಳಿ ದಾರ ಕಟ್ಟಿದ. ಬಿಳಿ ದಾರ ಕಟ್ಟಿದರೆ ಆ ಮೇಕೆ ಹಿಂಡಿನ ಜೊತೆ ಬೆಟ್ಟಕ್ಕೆ ಹೋಗಬೇಕು.

“ಮಾವ, ಇದು ಗಬ್ಬವಾಗಿದೆ” ಅಂದಳು ಕೆಂಚಿ.

“ತೋಳ ಅದನ್ನೆಲ್ಲ ನೋಡುತ್ತದಾ? ಬೇರೆ ಮೇಕೆ ಇಲ್ಲ, ನೀನು ಈ ಸಲ ಸರಿಯಾಗಿ ಕೂಡಿಸಿಲ್ಲ.”

“ಇದನ್ನು ಕೊಡಲ್ಲ, ಮಾವ.”

ಸೋಬಯ್ಯ ಅವಳ ಮುಖವನ್ನೇ ನೋಡಿದ. “ಹೆಸರಿಟ್ಟೆಯಾ?”

ಕೆಂಚಿ ಮೇಕೆಯ ಕೊರಳನ್ನು ತಬ್ಬಿ ಹಿಡಿದಳು.

“ಇಟ್ಟಿದ್ದೀಯ. ಹುಚ್ಚಿ. ಹಾಗಾದರೆ ಹೋಗು, ಮಂತ್ರ ಹಾಕಿದವನ ಹತ್ತಿರ ಹೋಗಿ ಬಿಡಿಸಿಕೊಂಡು ಬಾ. ಬಿಡಿಸದಿದ್ದರೆ ಇದು ಬೆಟ್ಟಕ್ಕೇ.”

ಅವನು ಸಿಟ್ಟಿಗೆ ಅಂದ. ಅವಳು ನಿಜಕ್ಕೂ ಹೊರಟಳು. ದಾಸವಾಳವನ್ನು ಹಗ್ಗದಲ್ಲಿ ಹಿಡಿದು, ಬೆಟ್ಟದ ಮೇಲಿದ್ದ ಮಾಂತ್ರಿಕನ ಗವಿಯ ದಾರಿ ಹತ್ತಿದಳು.

ದಾರಿಯ ಮೊದಲ ತಿರುವಿನಲ್ಲಿ ಒಂದು ಕಲ್ಲಿನ ಗೂಳಿ ಮಲಗಿತ್ತು. ಅದು ಎದ್ದು ಬೆಟ್ಟ ನಡುಗುವ ಹಾಗೆ ಗುಟುರು ಹಾಕಿತು. ದಾಸವಾಳ ಧೊಪ್ಪನೆ ಬಿತ್ತು. ಕೆಂಚಿಯ ಕಾಲು ಓಡು ಅಂದಿತು. ಮೇಕೆಯನ್ನು ಬಿಟ್ಟು ಓಡುವುದು ಹೇಗೆ? ಅವಳು ಕೂತಳು, ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ದಾಸವಾಳ, ನಾನಿದ್ದೀನಿ, ಏಳು” ಅಂದಳು.

ಗೂಳಿ ಅವಳ ಮೂಗಿನ ತುದಿಗೆ ಬಂದು ನಿಂತಿತು. “ಓಡುವುದಿಲ್ಲವಾ?”

“ಇದು ಏಳುವ ತನಕ ಇಲ್ಲ.”

“ಓಡುವವರನ್ನು ತಿವಿ ಅಂತ ಮಾಂತ್ರಿಕ ನನಗೆ ಹೇಳಿದ್ದಾನೆ. ಕೂತವರನ್ನು ಏನು ಮಾಡಬೇಕು ಅಂತ ಹೇಳಿಲ್ಲ” ಅಂದಿತು ಗೂಳಿ. ತಲೆ ಕೆರೆದುಕೊಳ್ಳಲು ಅದಕ್ಕೆ ಕೈ ಇರಲಿಲ್ಲ. ಹಾಗಾಗಿ ದಾರಿ ಬಿಟ್ಟಿತು.

ಎರಡನೆಯ ತಿರುವಿನಲ್ಲಿ ಹಿತ್ತಾಳೆ ರೆಕ್ಕೆಯ ಹದ್ದು. ಅದು ರೆಕ್ಕೆ ಬಡಿದರೆ ಮನೆಯ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದ ಸದ್ದು. ದಾಸವಾಳ ಧೊಪ್ಪನೆ ಬಿತ್ತು. ಕೆಂಚಿಗೆ ಕೂಗು ಬಾಯಿಯ ತನಕ ಬಂತು. ತಾನು ಕಿರುಚಿದರೆ ಏಳುತ್ತಿರುವ ಮೇಕೆ ಮತ್ತೆ ಬೀಳುತ್ತದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಆಮೇಲೆ ಮೆಲ್ಲಗೆ, “ದಾಸವಾಳ, ನಾನಿದ್ದೀನಿ, ಏಳು” ಅಂದಳು.

“ಕಿರುಚಿದವರ ನಾಲಿಗೆ ಕಿತ್ತುಕೊಳ್ಳುವುದು ನನ್ನ ಕೆಲಸ” ಅಂದಿತು ಹದ್ದು. “ಪಿಸುಗುಟ್ಟುವವರನ್ನು ಇವತ್ತೇ ನೋಡಿದ್ದು.” ಅದೂ ದಾರಿ ಬಿಟ್ಟಿತು.

ಮೂರನೆಯ ತಿರುವು ಗವಿಯ ಬಾಗಿಲು. ಅಲ್ಲಿ ಬೂದಿ ತೋಳ. ಅದು ಗುಟುರು ಹಾಕಲಿಲ್ಲ, ರೆಕ್ಕೆ ಬಡಿಯಲಿಲ್ಲ, ನೆಗೆಯಿತು ಅಷ್ಟೇ. ದಾಸವಾಳ ಧೊಪ್ಪನೆ ಬಿತ್ತು. ಕೆಂಚಿ ಅದರ ಮೇಲೆ ಕವುಚಿ ಬಿದ್ದಳು. “ದಾಸವಾಳ, ನಾನಿದ್ದೀನಿ, ಏಳು.”

ತೋಳದ ಬಾಯಿ ತೆರೆದ ಹಾಗೆಯೇ ನಿಂತಿತು. ಕಚ್ಚಲು ಬರಲಿಲ್ಲ.

“ಇದಕ್ಕೆ ಹೆಸರಿದೆಯಾ?” ಎಂದು ಕೇಳಿತು.

“ಇದೆ. ಏನೀಗ?”

ತೋಳ ಕೂತುಬಿಟ್ಟಿತು. “ಹೆಸರಿಟ್ಟು ಕರೆದದ್ದನ್ನು ನಾನು ತಿನ್ನುವಂತಿಲ್ಲ. ಮಾಂತ್ರಿಕ ನನ್ನನ್ನು ಕಟ್ಟಿಹಾಕಿದ ಮಂತ್ರ ಅದು. ದೊರೆಯ ಹಿಂಡು ದೊಡ್ಡದು, ಕುರಿಗೆ ಹೆಸರಿಡುವವರು ಯಾರು? ಅದಕ್ಕೇ ತಿಂದೆ. ಆಮೇಲೆ ನೀವು ಮೇಕೆ ಕಳಿಸಿದಿರಿ, ಒಂದಕ್ಕೂ ಹೆಸರಿಲ್ಲ. ತಟ್ಟೆಗೆ ಹಾಕಿ ಬಡಿಸಿದ ಹಾಗೆ.”

ಕೆಂಚಿ ಎದ್ದು ಕೂತಳು. “ಇದನ್ನು ಮೊದಲೇ ಹೇಳಬಾರದಾಗಿತ್ತಾ?”

“ಯಾರಿಗೆ ಹೇಳಲಿ? ಎಲ್ಲರೂ ಓಡುತ್ತಿದ್ದರು. ಉಳಿಯುತ್ತಿದ್ದದ್ದು ಮೇಕೆ ಒಂದೇ.”

ಮಾತು ಕೇಳಿ ಮಾಂತ್ರಿಕ ಗವಿಯಿಂದ ಹೊರಗೆ ಬಂದ. ಕಂಕುಳಲ್ಲಿ ಒಂದು ಮಡಕೆ. ಬೆಟ್ಟದ ಮೇಲೆ ಪ್ರತಿ ಮೇಕೆಯೂ ಬೆಚ್ಚಿ ಬಿದ್ದಾಗ ಆ ಬೆಚ್ಚು ಹಾರಿ ಬಂದು ಮಡಕೆ ಸೇರುತ್ತಿತ್ತು. ಅವನು ಅದನ್ನು ಮಜ್ಜಿಗೆಯ ಹಾಗೆ ಕುಡಿದು ಮುದುಕನಾಗದೆ ಉಳಿದಿದ್ದ.

“ಮಂತ್ರ ತೆಗೆಯಿರಿ” ಅಂದಳು ಕೆಂಚಿ.

“ಯಾವ ಮಂತ್ರವೇ?” ಮಾಂತ್ರಿಕ ನಕ್ಕ. “ನಾನು ಕೊಟ್ಟದ್ದು ಒಂದು ಹೋತ. ಅದು ಸತ್ತು ಎಷ್ಟು ಕಾಲವಾಯಿತು. ಬಿದ್ದದ್ದನ್ನು ಉಳಿಸಿ, ನಿಂತದ್ದನ್ನು ಸಾರಿಗೆ ಕಳಿಸಿ, ಇಷ್ಟು ಹಿಂಡು ಮಾಡಿದವರು ಯಾರು? ತಟ್ಟೆ ಬಡಿದ ಕೈ ಯಾವುದು? ತೋರಿಸು ನೋಡೋಣ.”

ಕೆಂಚಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವನು ಕೆಟ್ಟವನು, ಆದರೆ ಹೇಳಿದ್ದು ನಿಜ. ಅವಳಿಗೆ ಅಳು ಬಂತು. ಅಳುತ್ತಲೇ ಕೇಳಿದಳು, “ನನ್ನ ಹೆಸರು ಕೆಂಚಿ. ತಪ್ಪು ನನ್ನದೂ ಹೌದು. ನಿಮ್ಮ ಹೆಸರೇನು?”

“ನನ್ನ ಹೆಸರಾ? ಹೆಸರು ಗೊತ್ತಾದರೆ ಯಾರಾದರೂ ನನಗೇ ಮಂತ್ರ ಹಾಕುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಮೂರು ಲೋಕದಲ್ಲೂ ಇಲ್ಲ.”

ಹೇಳಿದ ಮೇಲೆ ಅವನಿಗೆ ಹೊಳೆಯಿತು. ತೋಳಕ್ಕೆ ಅದಕ್ಕಿಂತ ಮೊದಲೇ ಹೊಳೆದಿತ್ತು.

ಅವನು ಓಡಿದ. ತೋಳ ಅವನ ಹಿಂದೆ ಗವಿಯೊಳಗೆ ಹೋಯಿತು. ಮಡಕೆ ಬಿದ್ದು ಒಡೆಯಿತು, ಒಳಗಿದ್ದ ಬೆಚ್ಚುಗಳೆಲ್ಲ ಬಿಳಿ ಪತಂಗಗಳಾಗಿ ಹಾರಿಹೋದವು. ಸ್ವಲ್ಪ ಹೊತ್ತಿಗೆ ತೋಳ ಹೊರಗೆ ಬಂತು. ಈಗ ಅದು ಮಾತಾಡದ, ಬರೀ ತೋಳ. ಬಾಯಿ ನೆಕ್ಕಿಕೊಂಡು ಕಾಡಿಗೆ ಹೋಯಿತು.

ತುಪ್ಪಳಗಿರಿಯಲ್ಲಿ ಹಬ್ಬವಾಯಿತು. ಕುರಿಗಳಿಗೆ ಮುಳ್ಳಿನ ಬೇಲಿ ಹಾಕಿದರು, ನಾಯಿ ಸಾಕಿದರು. ಬರೀ ತೋಳಕ್ಕೆ ಅಷ್ಟು ಸಾಕು. ಹಟ್ಟಿಯವರು ಪ್ರತಿ ಮೇಕೆಗೂ ಹೆಸರಿಟ್ಟರು. ಸೋಬಯ್ಯ ಕೂಡ ಒಂದಕ್ಕೆ ತನ್ನ ಅತ್ತೆಯ ಹೆಸರಿಟ್ಟು, ಮನೆಯಲ್ಲಿ ಬೈಸಿಕೊಂಡ.

ಆದರೆ ಮೇಕೆಗಳು ಬೀಳುವುದು ನಿಲ್ಲಲಿಲ್ಲ. ಮಾಂತ್ರಿಕ ಹೋದ, ತಟ್ಟೆ ಬಡಿದು ಆರಿಸಿದ ತಳಿಯ ರಕ್ತ ಹೋಗಲಿಲ್ಲ. ದೊರೆಯ ಮೊಮ್ಮಕ್ಕಳು ದಿನಾ ಬಂದು ಚಪ್ಪಾಳೆ ತಟ್ಟಿ, ಅವು ಬೀಳುವುದನ್ನು ನೋಡಿ ನಗುತ್ತಿದ್ದರು.

“ಮಕ್ಕಳಿಗೆ ಎಷ್ಟು ಚಂದದ ಆಟ” ಅಂದ ದೊರೆ. “ಕೆಂಚಿ, ಇನ್ನೂ ಬೇಗ ಬೀಳುವ ಮರಿ ಮಾಡಿಕೊಡು. ತೋಳದ ಕಾಟವಂತೂ ಇಲ್ಲ, ಇನ್ನು ತೊಂದರೆ ಏನಿದೆ?”

“ದೊರೆ, ನಿಮ್ಮ ಮೊಮ್ಮಗ ನಡಿಗೆ ಕಲಿಯುವಾಗ ಎದ್ದೆದ್ದು ಬೀಳುತ್ತಿದ್ದನಲ್ಲ” ಅಂದಳು ಕೆಂಚಿ, “ಪ್ರತಿ ಸಲ ಅವನನ್ನು ಹೆದರಿಸಿ ಬೀಳಿಸಿ, ಊರೆಲ್ಲ ನಕ್ಕಿದ್ದರೆ ನಿಮಗೆ ಚಂದ ಕಾಣುತ್ತಿತ್ತಾ? ಅವನಿಗೆ ಅಳೋದಕ್ಕಾದರೂ ಬರುತ್ತದೆ. ಇವು ಎದ್ದು ಸುಮ್ಮನೆ ಹುಲ್ಲು ತಿನ್ನುತ್ತವೆ, ಅದಕ್ಕೇ ನಮಗೆ ಧೈರ್ಯ.”

ದೊರೆ ಮೀಸೆ ತಿರುವುವುದನ್ನು ನಿಲ್ಲಿಸಿದ. ಆ ದಿನವೇ ಕಂಚಿನ ತಟ್ಟೆಯನ್ನು ಕರಗಿಸಿ, ಮೇಕೆಗಳಿಗೆ ಸಣ್ಣ ಸದ್ದಿನ ಗೆಜ್ಜೆ ಮಾಡಿಸಿದರು. ಇರುವ ಮೇಕೆಗಳನ್ನು ಪ್ರೀತಿಯಿಂದ ಸಾಕುವುದು, ಬೀಳುವ ಹೋತಕ್ಕೆ ಬೀಳುವ ಮೇಕೆಯನ್ನು ಇನ್ನು ಕೂಡಿಸದಿರುವುದು ಎಂದು ಕೆಂಚಿ ಕಟ್ಟಳೆ ಮಾಡಿದಳು. ದಾಸವಾಳ ಕೆಂಪು ಮರಿ ಹಾಕಿತು. ಅದು ತನ್ನ ಗೆಜ್ಜೆಯ ಸದ್ದಿಗೇ ಬೆಚ್ಚಿ ಬಿತ್ತು, ಎದ್ದು ಅಮ್ಮನ ಹಾಲು ಕುಡಿಯಿತು. ಎಲ್ಲರೂ ಸುಖವಾಗಿದ್ದರು, ಮೇಕೆಗಳೂ ಬಿದ್ದು ಎದ್ದು ಸುಖವಾಗಿದ್ದವು. ಅಷ್ಟೇ, ಕತೆ ಮುಗಿಯಿತು. ಅವರೆಕಾಯಿ ಎಲ್ಲಿ, ಒಂದು ಹಿಡಿಯೂ ಬಿಡಿಸಿಲ್ಲವಲ್ಲೇ.

“ಅಮ್ಮಾ.”

ಏನು ಮತ್ತೆ?

“ಕೆಂಚಿ ಆ ಕಟ್ಟಳೆಯನ್ನು ಮೊದಲೇ ಮಾಡಿದ್ದಿದ್ದರೆ ದಾಸವಾಳ ಹುಟ್ಟುತ್ತಲೇ ಇರಲಿಲ್ಲ ಅಲ್ವಾ?”

ಇರಲಿಲ್ಲ.

“ಹೂವು ಕದ್ದು ತಿನ್ನುತ್ತಿರಲಿಲ್ಲ. ಮರಿ ಹಾಕುತ್ತಿರಲಿಲ್ಲ.”

ಹೌದು ಕಣೇ.

ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

“ಹಾಗಾದರೆ ದಾಸವಾಳಕ್ಕೆ ಯಾವುದು ಒಳ್ಳೆಯದಾಗಿತ್ತಮ್ಮ, ಬೀಳುತ್ತಾ ಇರೋದಾ, ಹುಟ್ಟದೇ ಇರೋದಾ?”