ಹಯ್ಯಾ!

"ಹಯ್ಯಾ! ಹಯ್ಯಾ!"

ದಂಡೆಯ ಮೇಲಿಂದ ಯೆಮೆನ್ ದೇಶದ ಮುದುಕ ಕಾವಲುಗಾರ ಕಿರುಚಿದ.

ಕರೆಯುತ್ತಿದ್ದಾನೆ ಎಂದುಕೊಂಡೆ. ಸೊಂಟಮಟ್ಟದ ನೀರಿನಲ್ಲಿ ಅವನತ್ತ ಎರಡು ಹೆಜ್ಜೆ ಇಟ್ಟೆ...

ತೊಡೆಗೆ ಏನೋ ಸುತ್ತಿಕೊಂಡಿತು.

ಹಗ್ಗವಲ್ಲ. ಹಗ್ಗ ಉಸಿರಾಡುವುದಿಲ್ಲ!

ಕೇಳಿ, ನಾನು ಝಕರಿಯಾ. ಉಳ್ಳಾಲದವನು. ಸೌದಿಯ ಅಲ್ ಅಹ್ಸಾದಲ್ಲಿ ಹನ್ನೆರಡು ವರ್ಷದಿಂದ ಕಚೇರಿಗಳಲ್ಲಿ ಸಿಕ್ಕಿಬಿದ್ದ ನಮ್ಮವರ ಕಾಗದ ಬಿಡಿಸುವುದೇ ನನ್ನ ಕಸುಬು. ತೊಂಬತ್ತಾರರ ಏಪ್ರಿಲ್ ಅದು. ಖರ್ಜೂರದ ತೋಟದ ಶಂಸುದ್ದೀನ್ ಕಾಣೆಯಾಗಿ ಮೂರು ದಿನ. ಕಫೀಲ್, ಅಂದರೆ ಅವನ ಧಣಿ, ಕಾಣೆಯಾದ ದಿನವೇ 'ಹುರೂಬ್' ಬರೆಸಿದ್ದ. ಓಡಿಹೋದ ಕೂಲಿ ಎಂಬ ರಿಪೋರ್ಟ್. ಬಚ್ಚಿಟ್ಟವನು ರೂಮ್‌ಮೇಟ್ ಅಬ್ದುಲ್ ಬಾರಿಯಂತೆ!

ಇಳಿಹೊತ್ತಿನ ಅಸರ್ ಬಾಂಗಿನೊಳಗೆ ಶಂಸುದ್ದೀನ್ ಸಿಗದಿದ್ದರೆ ಬಾರಿ ಜೈಲಿಗೆ.

"ಕಾವಲಿನವ ಕರೆದ. ಶಂಸು ಕಾಲುವೆಗೆ ಇಳಿದ. ನಾನು ಕಂಡದ್ದು ಅಷ್ಟೇ ಮಾರಾಯ್ರೆ," ಎಂದಿದ್ದ ಬಾರಿ.

ಕೊಂದವನು ಕಾವಲುಗಾರನೇ ಎಂದು ನಾನು ತೀರ್ಮಾನಿಸಿದ್ದೆ. ಬಾರಿಯನ್ನು ದಂಡೆಯಲ್ಲಿ ನಿಲ್ಲಿಸಿ, ಹೆಣ ಹುಡುಕಲು ಜೊಂಡಿನ ಕಾಲುವೆಗೆ ಇಳಿದಿದ್ದೆ.

ಈಗ ಆ ಜೊಂಡೇ ನನ್ನನ್ನು ಎಳೆಯುತ್ತಿತ್ತು.

ಸುರುಳಿ ಸೊಂಟಕ್ಕೇರಿತು. ತಲೆ ನೀರಿನಿಂದೆದ್ದಿತು. ನನ್ನ ಅಂಗೈಗಿಂತ ಅಗಲ! ಹೆಬ್ಬಾವು... ಈ ಮರಳುನಾಡಿನಲ್ಲಿ!

"ಬಾರಿ! ಕತ್ತಿ!"

ಗರಿ ಕೊಯ್ಯುವ ಕತ್ತಿ ಹಿಡಿದು ಬಾರಿ ಹಾರಿದ.

"ಎಲ್ಲಿಗೆ ಹೊಡೀಲಿ?"

"ನನಗಲ್ಲದೆ ಎಲ್ಲಿಗಾದ್ರೂ ಹೊಡಿ!"

ಏಳು ಏಟು. ಎಂಟನೆಯದಕ್ಕೆ ಹಿಡಿತ ಸಡಿಲಿತು. ನೀರು ಕೆಂಪಾಯಿತು.

ದಂಡೆಗೆ ಬಂದವನೇ ಮುದುಕನ ಕೊರಳಪಟ್ಟಿ ಹಿಡಿದೆ. "ಯಾಕೆ ಕರೆದೆ?"

"ಕರೆಯಲಿಲ್ಲ! ಹಯ್ಯಾ! ಹಯ್ಯಾ!" ಅವನ ಕೈ ಗಾಳಿಯಲ್ಲಿ ಹೊರಳಿತು, ಬಳುಕಿತು, ಹೆಡೆ ಎತ್ತಿತು.

ಹಯ್ಯಾ ಎಂದರೆ ಹಾವು.

ಕಚೇರಿಯ ಅರಬ್ಬಿ ನನಗೆ ಬಾಯಿಪಾಠ. ಕಚೇರಿಯಲ್ಲಿ ಯಾರೂ ಹಾವಿನ ಮಾತಾಡುವುದಿಲ್ಲ.

ಬಾರಿ ಕತ್ತಿ ಕೆಳಗೆ ಹಾಕಿದ. "ಬಾಂಗಿನಲ್ಲಿ ಹಯ್ಯ ಅಂದ್ರೆ ಬನ್ನಿ ಅಂತ ಅಲ್ವಾ ಝಕರಿಯಾಕ? ದಿನಕ್ಕೆ ಐದು ಸಲ ಕೇಳ್ತೇವಲ್ಲ... ಹೋಗು ಶಂಸು, ಕರೀತಿದ್ದಾನೆ ಅಂತ ನಾನೇ ಹೇಳಿದ್ದು!"

ನಾನೂ ಹೋಗಿದ್ದೆನಲ್ಲ!

ಮುದುಕ ಉಳಿದದ್ದನ್ನು ಕಕ್ಕಿದ. ಧಣಿಯ ಮಗ ಹೊರದೇಶದಿಂದ ಮೂರು ಮರಿ ತಂದಿದ್ದ, ಗೆಳೆಯರಿಗೆ ತೋರಿಸಲು. ಬೆಳೆದವು. ಭಯವಾಯಿತು. ಕಾಲುವೆಗೆ ಬಿಟ್ಟ. ಶಂಸುದ್ದೀನನ ಸುದ್ದಿ ಹೇಳಿದಾಗ ಧಣಿ ಒಂದೇ ಮಾತು ಹೇಳಿದ್ದನಂತೆ: "ಬಾಯಿ ಬಿಟ್ಟರೆ ನಾಳೆಯೇ ಗಡಿ ದಾಟಿಸುತ್ತೇನೆ."

ಜೊಂಡಿನ ಬುಡದಲ್ಲಿ ಶಂಸುದ್ದೀನ್ ಸಿಕ್ಕಿದ. ಪಕ್ಕೆಲುಬು ಒಂದೂ ನೆಟ್ಟಗಿರಲಿಲ್ಲ. ಅಷ್ಟು ದೊಡ್ಡ ಹೆಗಲನ್ನು ನುಂಗಲಾಗದೆ ಬಿಟ್ಟಿತ್ತು.

ಪಿಕಪ್‌ನಲ್ಲಿ ಇಬ್ಬರನ್ನೂ ಠಾಣೆಗೆ ತಂದೆವು. ಮುಂದೆ ಹೆಣ. ಹಿಂದೆ ಹಾವು.

ಧಣಿ ಆಗಲೇ ಅಲ್ಲಿ ಚಹಾ ಕುಡಿಯುತ್ತಿದ್ದ.

ಆಫೀಸರ್ ಹುರೂಬ್ ಹೊಡೆದುಹಾಕಿದ. ಬಾರಿಯನ್ನು ಬಿಟ್ಟ. ಸಾವಿನ ಕಾರಣ ಬರೆದ: ಮುಳುಗಿ.

"ಹಾವು, ಸಾಹೇಬ್?"

"ಯಾವ ಹಾವು?"

ಕಿಟಕಿಯಾಚೆ ಪಿಕಪ್‌ನಿಂದ ಬಾಲ ಎರಡು ಮಾರು ಜೋತಾಡುತ್ತಿತ್ತು. ಆಫೀಸರ್ ಪರದೆ ಎಳೆದ.

"ಸಹಿ ಹಾಕು. ಇಲ್ಲವಾದರೆ ನಿನ್ನವನ ಫೈಲ್ ಮತ್ತೆ ತೆರೆಯುತ್ತೇನೆ."

ಬಾರಿಯ ಮುಖ ನೋಡಿದೆ. ಹಾಕಿದೆ.

ಹೊರಗೆ ಬಾರಿ ನನ್ನ ತೋಳು ಹಿಡಿದ. "ಉಳಿದ ಎರಡು? ನಾಳೆ ಬೆಳಿಗ್ಗೆ ಅದೇ ಕಾಲುವೆಗೆ ಇಳೀಬೇಕಲ್ಲ ನಾವು! ಹಿಡಿಯೋದಿಲ್ವಾ ಅವನ್ನ?"

"ಹೇಗೆ ಹಿಡೀತಾರೆ ಮಾರಾಯ? ಓಡಿಹೋಗದವನ ಮೇಲೆ ಹುರೂಬ್ ಇತ್ತು. ಓಡಿಹೋದವುಗಳ ಮೇಲೆ ಯಾರೂ ಬರೆಸಲೇ ಇಲ್ಲ!"