ಮರದ ಬುಡಕ್ಕೆ ಅರವತ್ತೆಂಟು ಮೆಟ್ಟಿಲು

ಒಂದಾನೊಂದು ಕಾಲದಲ್ಲಿ ಒಬ್ಬ ಮಹಾರಾಣಿ ನಾಲ್ಕನೆಯ ಮಹಡಿಯಲ್ಲಿ ಸೆರೆಯಾಗಿದ್ದಳು. ಅವಳನ್ನು ಕಾಯುತ್ತಿದ್ದ ರಾಕ್ಷಸನಿಗೆ ಅರವತ್ತೆಂಟು ಹಲ್ಲು, ಏಳು ಕಡೆ ಬಗ್ಗಿದ ಮೈ. ಅವನ ಹೆಸರು ಮೆಟ್ಟಿಲು.

ಮಹಾರಾಣಿಗೆ ಎಪ್ಪತ್ತೊಂಬತ್ತು ವರ್ಷ. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದಿತ್ತು. ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಒಂದು ಮಂಚ, ಒಂದು ಕಿಟಕಿ, ಆ ಕಿಟಕಿಯಲ್ಲಿ ಕಾಣುವ ಒಂದು ಮರದ ತುದಿ... ಅಷ್ಟೇ ಅವಳ ಸಾಮ್ರಾಜ್ಯ.

"ಎರಡು ವರ್ಷದಿಂದ ಅದರ ತಲೆ ನೋಡಿ ನೋಡಿ ಸಾಕಾಯ್ತು ಕಣೇ ಕಡ್ಡಿ. ಒಂದೇ ಒಂದ್ಸಲ ಅದರ ಬುಡದಲ್ಲಿ ಕಾಲಿಡಬೇಕು."

ಕಡ್ಡಿ ಎಂದರೆ ಮೊಮ್ಮಗಳು. ಇಪ್ಪತ್ತೈದು ವರ್ಷದವಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ತಿರುಗಿಸಿ ತಿರುಗಿಸಿ ಅವಳ ಬೆರಳುಗಳೂ ಸಣ್ಣಗೆ ಚೂಪಾಗಿದ್ದವು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವರು ಅಜ್ಜಿ ಮತ್ತು ಅಜ್ಜಿಯ ಮಗಳು, ಅಂದರೆ ಅತ್ತೆ. ಅಜ್ಜಿ ಕಥೆ ಹೇಳಿ ಸಾಕಿದಳು. ಅತ್ತೆ ಲೆಕ್ಕ ಹೇಳಿ ಸಾಕಿದಳು.

ಆಳುಗಳನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿ ಇಳಿಸೋಣ ಎಂದರೆ ಅಜ್ಜಿ ಮುಖ ತಿರುಗಿಸಿದಳು. ಕಂಡಕಂಡವರು ಎತ್ತಿಕೊಂಡು ಹೋಗಲು ತಾನೇನು ಗೋಣಿ ಮೂಟೆಯೇ ಎಂದು ಕೇಳಿದಳು.

"ನೀನು ಎತ್ತಿದ್ರೆ ಬರ್ತೀನಿ," ಅಂದಳು.

"ಎತ್ಕೊಂಡು ಹೋಗ್ತೀನಿ ಅಜ್ಜಿ. ನನ್ನಾಣೆ," ಅಂದುಬಿಟ್ಟಳು ಕಡ್ಡಿ.

ಅಜ್ಜಿಯ ತೂಕ ಐವತ್ತೆರಡು ಕಿಲೋ. ಆಣೆ ಇಟ್ಟವಳದು ನಲವತ್ತಾರು.

*

ಅವನು ಅವಳಿಗೆ ಸಿಕ್ಕಿದ್ದು ರಾಕ್ಷಸನ ಮೂರನೆಯ ತಿರುವಿನಲ್ಲಿ.

ನಾಲ್ಕನೆಯ ಮಹಡಿಗೆ ಹೊಸದಾಗಿ ಬಂದವರ ಸಾಮಾನು ಏರುತ್ತಿತ್ತು. ಸಾಮಾನು ಸಾಗಣೆಯ ಇಬ್ಬರು ಆಳುಗಳು ಒಂದು ಕಬ್ಬಿಣದ ಬೀರುವನ್ನು ಹೊತ್ತಿದ್ದರು. ಅಂಗಡಿಯಿಂದ ಬಂದ ಕಡ್ಡಿ ದಾರಿ ಬಿಡುವುದನ್ನೇ ಕಾಯುತ್ತಾ ಹಿಂದೆ ನಿಂತಿದ್ದಳು. ಅಷ್ಟರಲ್ಲಿ ಮೇಲಿದ್ದವನ ಕಾಲು ಜಾರಿತು.

ಇಡೀ ಬೀರು ಕೆಳಗಿದ್ದವನ ಎದೆಯ ಮೇಲೆ ಬಂದಿತು.

ಕಡ್ಡಿ ಚೀಲ ಎಸೆದು ಬೀರುವಿನ ಮೂಲೆಗೆ ಹೆಗಲು ಕೊಟ್ಟಳು. ಯಾಕೆ ಕೊಟ್ಟಳೋ ಅವಳಿಗೇ ತಿಳಿಯದು. ಅವನ ಮುಖ ಅವಳ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಅವನ ಹುಬ್ಬಿನಿಂದ ಇಳಿದ ಬೆವರ ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು.

"ಬಿಡಬೇಡ," ಅಂದ ಅವನು, ಪಿಸುದನಿಯಲ್ಲಿ.

ಅವಳು ಬಿಡಲಿಲ್ಲ.

ಬೀರು ನೆಟ್ಟಗೆ ನಿಂತ ಮೇಲೆ ಅವನು ಮಾಡಿದ ಮೊದಲ ಕೆಲಸ ಬೈಯುವುದು. ಕೈ ಮುರಿದುಕೊಂಡಿದ್ದರೆ ಯಾರು ಜವಾಬ್ದಾರಿ, ಕೈ ಹಾಕು ಅಂತ ಕರೆದವರು ಯಾರು ಎಂದೆಲ್ಲ ಕೇಳಿದ. ಕಡ್ಡಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ ಅವನೇ ಸುಸ್ತಾಗಿ ಅವಳ ಕೆಂಪಾದ ಹೆಗಲನ್ನು ನೋಡಿದ.

"ಎತ್ತೋಕೆ ಬರಲ್ಲ ನಿನಗೆ. ಆದ್ರೆ ಬಿಡೋಕೂ ಬರಲ್ಲ."

"ಎತ್ತೋದು ಕಲಿಸ್ತೀರಾ?" ಅಂದಳು ಕಡ್ಡಿ.

ಅವನು ಯಾಕೆ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಜ್ಜಿಯನ್ನು ಹೊರಬೇಕು ಎಂದರೆ ನಗುತ್ತಾನೆ ಎಂಬ ಭಯ ಅವಳಿಗೆ. ಆದರೆ ಅದೇ ಸಂಜೆ, ಅವಳು ಒಳಗೆ ಹೆಗಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದಾಗ, ಅವನು ಕುಡಿಯಲು ನೀರು ಕೇಳಿಕೊಂಡು ಅವರ ಬಾಗಿಲಿಗೆ ಬಂದ. ಅಜ್ಜಿ ಹತ್ತೇ ನಿಮಿಷದಲ್ಲಿ ಅವನಿಗೆ ಬೀರು ಎಂದು ಹೆಸರಿಟ್ಟು, ಮರದ ಬುಡದ ಸಂಗತಿಯನ್ನೆಲ್ಲ ಹೇಳಿ, ತಾನು ಹೇಳಿದ್ದು ಮೊಮ್ಮಗಳಿಗೆ ಗೊತ್ತಾಗಬಾರದು, ನಾಚಿಕೊಳ್ಳುತ್ತಾಳೆ ಎಂದು ಮಾತು ತೆಗೆದುಕೊಂಡಿದ್ದಳು.

*

ಸಾಗಣೆಯವರ ಗೋದಾಮಿನ ಹಿಂದೆ ಒಂದು ತಗಡಿನ ಶೆಡ್. ಒಳಗೆ ಕಬ್ಬಿಣದ ಸರಳುಗಳು, ತುಕ್ಕು ಹಿಡಿದ ತೂಕದ ಬಿಲ್ಲೆಗಳು. ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುವ ಇಬ್ಬರು ಹೆಂಗಸರೂ ಅಲ್ಲಿಗೆ ಬರುತ್ತಿದ್ದರು. ಮೊದಲ ವಾರ ಕಡ್ಡಿಗೆ ಬರೀ ಸರಳು ಕೊಟ್ಟ ಬೀರು. ಬೆನ್ನು ಬಗ್ಗಿಸಬೇಡ, ಕಾಲಿನಿಂದ ಏಳು, ಉಸಿರು ಹಿಡಿ... ಇಷ್ಟು ಬಿಟ್ಟರೆ ಬೇರೆ ಮಾತಿಲ್ಲ. ಆ ವಾರವೆಲ್ಲ ಅಂಗಡಿಯಲ್ಲಿ ಅವಳ ಕೈಯಿಂದ ಸ್ಕ್ರೂಗಳು ಉದುರಿ ಮೇಜಿನ ಕೆಳಗೆ ಓಡಿದವು.

ಎರಡು ತಿಂಗಳಿಗೆ ಮೂವತ್ತು ಕಿಲೋ. ನಾಲ್ಕು ತಿಂಗಳಿಗೆ ನಲವತ್ತು.

ನಲವತ್ತು ಎತ್ತಿದ ದಿನ ಬೀರು ಮೊದಲ ಸಲ ನಕ್ಕ. ಆ ನಗುವನ್ನು ಕಡ್ಡಿ ಜೋಪಾನವಾಗಿ ಮನೆಗೆ ತಂದಳು. 'ಇವನು ನನ್ನನ್ನು ನೋಡಿ ನಕ್ಕಿದ್ದೋ, ತೂಕ ನೋಡಿ ನಕ್ಕಿದ್ದೋ...' ಎಂದು ಊಟದ ತಟ್ಟೆಯ ಮುಂದೆ ಕುಳಿತು ಯೋಚಿಸಿದಳು.

ಅತ್ತೆ ಅವಳ ಯೋಚನೆಯನ್ನು ನೋಡಲಿಲ್ಲ, ತೋಳು ನೋಡಿದಳು. ಪ್ರತಿ ಭಾನುವಾರ ಹೊಲಿಗೆಯ ಟೇಪು ತಂದು ಅಳೆಯುತ್ತಿದ್ದಳು. ತೋಳು ಹತ್ತು ಇಂಚು ಇದ್ದದ್ದು ಹತ್ತೂಮುಕ್ಕಾಲು ಆಗಿತ್ತು. ಆ ಮುಕ್ಕಾಲು ಇಂಚಿಗೆ ಮನೆ ರಣರಂಗವಾಯಿತು. ಕಬ್ಬಿಣ ಎತ್ತಿದ ಹೆಣ್ಣು ಗಂಡಸಿನ ಹಾಗೆ ಊದಿಕೊಳ್ಳುತ್ತದೆ, ಕತ್ತು ಹೋಗಿ ಹೆಗಲೊಂದೇ ಉಳಿಯುತ್ತದೆ, ಕೊನೆಗೆ ದನಿಯೂ ಒಡೆಯುತ್ತದೆ ಎಂದು ಅತ್ತೆ ಕಂಡವರಿಗೆಲ್ಲ ಹೇಳಿದಳು. ಕಡ್ಡಿ ಎಂಬ ಹೆಸರನ್ನು ಬಿಟ್ಟು ಪೈಲ್ವಾನ್ ಎಂದು ಕರೆಯತೊಡಗಿದಳು.

"ಪೈಲ್ವಾನ್, ನೀರಿನ ಕ್ಯಾನು ಒಂದೇ ಕೈಯಲ್ಲಿ ತಗೊಂಡು ಬಾ. ಇನ್ನೊಂದು ಕೈಯಲ್ಲಿ ನಿನ್ನ ಹಣೆಬರಹ ಹಿಡ್ಕೋ."

ಅಷ್ಟರಲ್ಲಿ ಒಂದು ಸಂಬಂಧ ಬಂದಿತು. ಹುಡುಗನ ತಾಯಿ ಕಡ್ಡಿಯ ಮುಖ ನೋಡಿ ಒಪ್ಪಿದಳು, ಹೆಗಲು ನೋಡಿ ಸುಮ್ಮನಾದಳು. ಹೋಗುವಾಗ ಬಾಗಿಲಲ್ಲಿ ನಿಂತು, ಸ್ವಲ್ಪ ಇಳಿದ ಮೇಲೆ ಹೇಳಿ ಕಳಿಸಿ, ಇನ್ನೊಮ್ಮೆ ಬರುತ್ತೇವೆ ಎಂದಳು.

ಇದರ ಮರುದಿನ ಬೆಳಗ್ಗೆಯೇ ಶೆಡ್ಡಿನಲ್ಲಿ, ಸರಳು ಹಿಡಿದು ನಿಂತ ಕಡ್ಡಿಯ ಒಂದು ಮೊಣಕೈಯಿಂದ ಇನ್ನೊಂದು ಮೊಣಕೈವರೆಗೆ ಬೀರು ತನ್ನ ಉಕ್ಕಿನ ಟೇಪು ಹಿಡಿದು ಅಳೆದ. ಆಮೇಲೆ ಹೆಗಲು. ಏನೂ ಹೇಳಲಿಲ್ಲ. ಅವರ ಕಸುಬಿನಲ್ಲಿ ಅಳೆಯುವಾಗ ಮಾತಾಡಬಾರದು, ಇಂಚು ತಪ್ಪುತ್ತದೆ.

ಸಂಜೆ ಕಡ್ಡಿ ಮನೆಗೆ ಬಂದರೆ ಮೆಟ್ಟಿಲಿನ ಏಳೂ ತಿರುವುಗಳ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳು, ಪಕ್ಕದಲ್ಲಿ ದೊಡ್ಡ ಕತ್ತರಿ ಗುರುತು. ಯಾವ ಸಾಮಾನು ತಿರುವಿನಲ್ಲಿ ಹಿಡಿಯುವುದಿಲ್ಲವೋ ಅದರ ಅಗಲಕ್ಕೆ ಸಾಗಣೆಯವರು ಹಾಕುವ ಗುರುತು ಅದು.

ಅತ್ತೆ ಮೇಲೆಯೇ ಕಾದು ನಿಂತಿದ್ದಳು.

"ನಿನ್ನ ಗುರುಗಳು ಬಂದಿದ್ರು. ಯಾವ ಬೀರು ತರ್ತಿದ್ದೀಯಪ್ಪ ಅಂದೆ. ಬೀರು ಅಲ್ಲ, ಇದು ನಿಮ್ಮ ಹುಡುಗಿ ಅಳತೆ ಅಂದ. ಏಳು ತಿರುವಲ್ಲೂ ಹಿಡಿಯಲ್ವಂತೆ ನೀನು."

ಕಡ್ಡಿಯ ಕಿವಿಯಲ್ಲಿ ಗುಂಯ್ ಎಂದಿತು. 'ಅವನೂನಾ? ಅವನೂ ಹೀಗೇನಾ?'

ಅವಳು ಹಾಗೆಯೇ ತಿರುಗಿ ಗೋದಾಮಿಗೆ ಹೋದಳು. ಹತ್ತು ಜನ ಕೆಲಸಗಾರರ ಎದುರು, ಅವನು ಬಾಯಿ ತೆರೆಯುವ ಮೊದಲೇ, ಅವನಿಗೆ ಚುಚ್ಚುವ ಮಾತನ್ನೇ ಹುಡುಕಿ ಆಡಿದಳು.

"ಕಂಡವರ ಬೀರು ಹೊರೋ ಕೂಲಿಯವನಿಗೆ ಹೆಣ್ಣು ಯಾವುದು, ಸಾಮಾನು ಯಾವುದು ಅಂತ ಹೇಗೆ ಗೊತ್ತಾಗ್ಬೇಕು? ತಪ್ಪು ನಂದೇ."

ಅವನ ಮುಖದ ರಕ್ತ ಇಳಿದುಹೋಯಿತು. ಅವನು ಟೇಪನ್ನು ಜೇಬಿಗೆ ಹಾಕಿಕೊಂಡು ಲಾರಿ ಹತ್ತಿದ.

*

ಕಡ್ಡಿ ಶೆಡ್ಡಿಗೆ ಹೋಗುವುದನ್ನು ಬಿಟ್ಟಳು. ಊಟವನ್ನೂ ಅರ್ಧಕ್ಕೆ ಇಳಿಸಿದಳು. ನಾಲ್ಕು ತಿಂಗಳಲ್ಲಿ ತೋಳು ಒಂಬತ್ತೂವರೆಗೆ ಬಂದಾಗ ಅತ್ತೆ ಟೇಪು ಮಡಿಸಿ ಕಣ್ಣೊರೆಸಿಕೊಂಡಳು. ಹುಡುಗನ ಮನೆಯವರು ಮತ್ತೆ ಬಂದರು, ಈ ಸಲ ಒಪ್ಪಿದರು. ಎರಡು ವಾರದಲ್ಲಿ ಮದುವೆ.

ಯಾಕೆ ಬಿಟ್ಟೆ ಎಂದು ಅಜ್ಜಿ ಕೇಳಲಿಲ್ಲ. ಬೇಜಾರಾಗಿರಬೇಕು ಎಂದುಕೊಂಡಳು. ಮಂಚವನ್ನು ಕಿಟಕಿಯಿಂದ ಸ್ವಲ್ಪ ಈಚೆಗೆ ಎಳೆಸಿಕೊಂಡಳು, ಅಷ್ಟೇ. ಮರ ಕಾಣದ ಹಾಗೆ.

ಅದನ್ನು ನೋಡಿ ಕಡ್ಡಿಗೆ ತಡೆಯಲಾಗಲಿಲ್ಲ. ಈ ಮನೆ ಬಿಡುವ ಮೊದಲು ಆಣೆ ತೀರಬೇಕು. ಅತ್ತೆ ಇಲ್ಲದ ಒಂದು ಬೆಳಗ್ಗೆ, ಮಗುವನ್ನು ಎತ್ತಿಕೊಳ್ಳುವ ಹಾಗೆ ಅಜ್ಜಿಯನ್ನು ಎರಡು ತೋಳಿನ ಮೇಲೆ ಎದೆಗೆ ಆನಿಸಿಕೊಂಡು ಹೊರಗೆ ಬಂದಳು.

ಎಂಟು ಮೆಟ್ಟಿಲು ಇಳಿದಳು. ತೋಳು ಆಗಲೇ ಸೋತಿತ್ತು. ಮೊದಲ ತಿರುವಿನಲ್ಲಿ ತಿರುಗಿದಳು, ಅಜ್ಜಿಯ ಪಾದ ಗೋಡೆಗೆ ಬಡಿಯಿತು. ಹಿಂದಕ್ಕೆ ಸರಿಯಲು ಹೋದಳು, ತಲೆ ಕಂಬಿಗೆ ತಾಗುವುದರಲ್ಲಿತ್ತು. ಮುಂದಿಲ್ಲ, ಹಿಂದಿಲ್ಲ... ತೋಳು ಬಿಟ್ಟುಹೋಯಿತು.

ಅಜ್ಜಿ ಬಿದ್ದಳು. ಕಿರುಚಲೂ ಇಲ್ಲ. ಮಣಿಕಟ್ಟು ಮಾತ್ರ ಒಣ ಕಡ್ಡಿಯ ಹಾಗೆ ಲಟಕ್ ಎಂದಿತು.

ಪಾದ ಬಡಿದ ಜಾಗದಲ್ಲಿ, ಮಾಸಿದ ಸೀಮೆಸುಣ್ಣದ ಕತ್ತರಿ ಗುರುತಿತ್ತು.

ಪಕ್ಕದ ಮನೆಯವರು ಅಜ್ಜಿಯನ್ನು ಮೇಲಕ್ಕೆ ತಂದು ಮಲಗಿಸಿದರು, ವೈದ್ಯರು ಮನೆಗೇ ಬಂದು ಕೈಗೆ ಪಟ್ಟಿ ಹಾಕಿದರು. ಅವರು ಹೋದ ಮೇಲೆ ಅಜ್ಜಿ ನಿಧಾನಕ್ಕೆ ಕೇಳಿದಳು.

"ಎದುರಿಗೆ ಎತ್ಕೊಂಡ್ರೆ ತಿರುವಲ್ಲಿ ಹಿಡಿಯಲ್ಲ, ಬೆನ್ನ ಮೇಲೇ ಹೊರಬೇಕು ಅಂತ ಆ ಬೀರು ಅವತ್ತು ಗೋಡೆ ಅಳೆದು ನನಗೆ ಹೇಳಿದ್ನಲ್ಲೇ. ನಿನಗೆ ಹೇಳ್ಲಿಲ್ವಾ? ನೀನು ಹಾಗೆ ಎತ್ಕೊಂಡಾಗ ಬೇರೆ ಉಪಾಯ ಇರ್ಬೇಕು ಅಂದ್ಕೊಂಡೆ."

ಕಡ್ಡಿ ಗೋಡೆಗೆ ಒರಗಿ ಕುಳಿತುಬಿಟ್ಟಳು.

*

ಗೋದಾಮಿನಲ್ಲಿ ಅವನು ಹಗ್ಗ ಸುತ್ತುತ್ತಿದ್ದ. ಅವಳು ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಹಗ್ಗ ಅವನ ಕೈಯಲ್ಲೇ ನಿಂತಿತು.

"ಯಾಕೆ ಹೇಳ್ಲಿಲ್ಲ ನನಗೆ?"

"ನೀನು ಹೇಳೋಕೆ ಬಿಟ್ಯಾ?"

"ನಾಲ್ಕು ತಿಂಗಳಿತ್ತು."

ಅವನು ಹಗ್ಗವನ್ನು ಕೆಳಗಿಟ್ಟ. "ಕೂಲಿಯವನು ಅಂದ್ಯಲ್ಲ. ಸರಿ, ಕೂಲಿಗೆ ಹೋದೆ. ನೀನೇ ಬಂದು ಕೇಳ್ಬೇಕು ಅಂತ ಹಠ. ದಿನಾ ನಿಮ್ಮ ಬೀದಿ ಮೇಲೇ ಲಾರಿ ಹೋಗ್ತಿತ್ತು, ಒಂದಿನಾನೂ ನಿಲ್ಲಿಸ್ಲಿಲ್ಲ. ನನ್ನ ಹಠಕ್ಕೆ ಅಜ್ಜಿ ಕೈ ಮುರೀತು."

"ಕೈ ಬಿಟ್ಟಿದ್ದು ನಾನು."

ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಆ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವನು ಎದ್ದು ಸರಳಿಗೆ ಹತ್ತು ಕಿಲೋ ಹಾಕಿದ. ಅವಳು ಕಾಲು ಅಗಲಿಸಿ ನಿಂತಳು.

ಮದುವೆ ಮುರಿಯಿತು. ಕಬ್ಬಿಣವೋ ನಮ್ಮ ಹುಡುಗನೋ ಎಂದು ಆ ತಾಯಿ ಕೇಳಿದ್ದಳು, ಕಡ್ಡಿ ಉತ್ತರ ಕೊಟ್ಟಿದ್ದಳು. ಅತ್ತೆ ಮಾತು ಬಿಟ್ಟಳು. ಎಷ್ಟೋ ವರ್ಷ ಸಾಕಿದ ಋಣವನ್ನು ಬಾಗಿಲು ಹಾಕುವ ಸದ್ದಿನಲ್ಲೇ ಹೇಳುತ್ತಿದ್ದಳು.

ಆಮೇಲಿನ ಐದು ತಿಂಗಳನ್ನು ಯಾವ ಕಥೆಯಲ್ಲೂ ಯಾವ ರಾಜಕುಮಾರಿಗೂ ಕೊಡಬಾರದು. ಬಿದ್ದಂದಿನಿಂದ ಅಜ್ಜಿ ಊಟ ಸೇರದೆ ಕರಗತೊಡಗಿದ್ದಳು. ಕಡ್ಡಿ ಮೂವತ್ತು ಎತ್ತಿದಾಗ ಅಜ್ಜಿ ನಲವತ್ತಾರಕ್ಕೆ ಇಳಿದಿದ್ದಳು. ಕಡ್ಡಿ ನಲವತ್ತು ಎತ್ತಿದಾಗ ಅಜ್ಜಿ ನಲವತ್ತು. ಆ ದಿನವೇ ಇಳಿಸೋಣ ಎಂದಳು ಕಡ್ಡಿ. ಬೀರು ಒಪ್ಪಲಿಲ್ಲ. ಒಮ್ಮೆ ಬಿಟ್ಟ ತೋಳು ಇನ್ನೊಮ್ಮೆ ಬಿಡಬಾರದು, ಎತ್ತಿದ್ದನ್ನು ಹೊತ್ತು ನಿಲ್ಲಲು ಬರಬೇಕು ಎಂದ. ಅವಳು ಐವತ್ತೆರಡು ಕಿಲೋ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಗೋದಾಮಿನ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿದ ದಿನ, ಅಜ್ಜಿ ಮೂವತ್ತನಾಲ್ಕು ಕಿಲೋ ಇದ್ದಳು.

ಈಗ ಅಜ್ಜಿಯನ್ನು ಯಾರು ಬೇಕಾದರೂ ಎತ್ತಬಹುದಿತ್ತು. ಅತ್ತೆ ಕೂಡ.

ಆ ದಿನ ಶೆಡ್ಡಿನ ಮೂಲೆಯಲ್ಲಿ ಕುಳಿತು ಕಡ್ಡಿ ಅತ್ತಳು. ಬೀರು ಪಕ್ಕದಲ್ಲಿ ಕುಳಿತ, ತನ್ನ ಒರಟು ಅಂಗೈಯನ್ನು ಅವಳ ಹೆಗಲ ಮೇಲೆ ಇಟ್ಟ. ಮೊದಲ ಸಲ, ಟೇಪು ಇಲ್ಲದೆ.

"ಅಗಲ ಆಗಿದೆ ಅಲ್ವಾ?" ಅಂದಳು ಅವಳು, ಮುಖ ಒರೆಸಿಕೊಳ್ಳುತ್ತಾ.

"ಆಗಿದೆ. ಹದಿನಾರು ಇಂಚು," ಅಂದ ಅವನು. "ನಮ್ಮನೆ ಬಾಗಿಲು ಮೂವತ್ತಿದೆ. ಅಳೆದು ಬಂದಿದ್ದೀನಿ. ಹಿಡಿಯುತ್ತೆ."

ಕಡ್ಡಿ ಅಳುತ್ತಲೇ ನಕ್ಕಳು. "ಹೀಗಾ ಕೇಳೋದು?"

"ನನಗೆ ಬರೋದು ಇಷ್ಟೇ."

*

ಭಾನುವಾರ ಬೆಳಗ್ಗೆ ಸಾಗಣೆಯವರ ಅಗಲ ಪಟ್ಟಿಯಿಂದ ಅಜ್ಜಿಯನ್ನು ಬೆನ್ನಿಗೆ ಕಟ್ಟಿಕೊಂಡು ಕಡ್ಡಿ ಹೊಸ್ತಿಲು ದಾಟಿದಳು. ಬಿದ್ದರೆ ನನ್ನನ್ನು ಕರೆಯಬೇಡಿ ಎಂದು ಹೇಳಿ ಅತ್ತೆ ಬಾಗಿಲು ಹಾಕಿಕೊಂಡಳು.

ಬೀರು ಎರಡು ಮೆಟ್ಟಿಲು ಕೆಳಗೆ, ಅವಳ ಕಡೆ ಮುಖ ಮಾಡಿ, ಹಿಮ್ಮುಖವಾಗಿ ಇಳಿದ. ಬಿದ್ದರೆ ತನ್ನ ಮೇಲೆ ಬೀಳಬೇಕು, ಅದು ಅವರ ಕಸುಬಿನ ನಿಯಮ. ಆದರೆ ಕೈ ಚಾಚಲಿಲ್ಲ. ಎತ್ತುವ ಕೆಲಸ ಅವಳದು.

ಮೊದಲ ತಿರುವು ದಾಟಿತು. ಎರಡನೆಯದು. ಮೂರನೆಯದರಲ್ಲಿ ಅಜ್ಜಿ ಅವಳ ಕಿವಿಯ ಬಳಿ ಮೆಲ್ಲಗೆ ಮಾತಾಡಿದಳು. ಎರಡು ತಿಂಗಳಿಂದ ಅಜ್ಜಿಗೆ ಯಾರ ಗುರುತೂ ಸರಿಯಾಗಿ ಸಿಗುತ್ತಿರಲಿಲ್ಲ.

"ಯಾರಮ್ಮ ನೀನು? ಎಷ್ಟು ಗಟ್ಟಿ ಇದ್ದೀಯ."

ಕಡ್ಡಿಯ ಕಾಲು ಒಂದು ಕ್ಷಣ ನಿಂತಿತು. ಬೀರು ಅವಳ ಕಣ್ಣನ್ನೇ ನೋಡಿದ.

"ಬಿಡಬೇಡ," ಅಂದ.

"ಬಿಡಲ್ಲ," ಅಂದಳು ಅವಳು. ಅಜ್ಜಿಗೆ ಹೇಳಿದಳು, "ನಾನು ನಿನ್ನ ಮನೆಯವಳೇ ಅಜ್ಜಿ. ಗಟ್ಟಿಯಾಗಿ ಹಿಡ್ಕೋ."

ನಾಲ್ಕು. ಐದು. ಆರು. ಏಳು.

ಅಂಗಳದಲ್ಲಿ ಬಿಸಿಲಿತ್ತು. ಕಡ್ಡಿ ಮರದ ಹತ್ತಿರ ಮೊಣಕಾಲೂರಿ ಕುಳಿತಳು. ಬೀರು ಪಟ್ಟಿ ಬಿಚ್ಚಿದ. ಇಬ್ಬರೂ ಅಜ್ಜಿಯನ್ನು ಬೇರಿನ ಮೇಲೆ ಕೂರಿಸಿದರು. ಕಡ್ಡಿ ಅವಳ ಪಾದಗಳನ್ನು ಒಂದೊಂದಾಗಿ ಹಿಡಿದು ಮಣ್ಣಿಗೆ ಇಟ್ಟಳು.

ಅಜ್ಜಿ ಬೆರಳುಗಳನ್ನು ಮಡಿಸಿ ಮಣ್ಣನ್ನು ಹಿಡಿದಳು.