ಕೊನೆಯ ಅಧ್ಯಾಯ ಉಳಿಸಿಕೊಂಡವಳು

"ಅಷ್ಟು ಪ್ರೀತಿ ಇದ್ದೋನು ಒಂದು ಸಲ ದೋಣಿ ಹತ್ತಿ ಬರಬಾರದಾ? ನೀನೇ ಹೇಳು!"

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನೊಳಗೆ ಕನ್ನಡಕದವನು ಬೆಚ್ಚಿಬಿದ್ದ. ದನಿ ಮೇಲಿನ ಬಾಗಿಲ ಸಂದಿಯಿಂದ ಬಂದಿತ್ತು.

"ನನಗೆ ಹೇಳಿದ್ರಾ?"

"ಅಯ್ಯೋ, ನಿಮಗಲ್ಲ ಸರ್. ಮೋಟಾರ್ ರೂಮಲ್ಲಿ ನಮ್ಮವರು ಬ್ರೇಕ್ ಬಿಡಿಸ್ತಿದ್ದಾರೆ. ಐದೇ ನಿಮಿಷ, ಇಳಿಸಿಬಿಡ್ತೀವಿ."

ಬಾಗಿಲು ತೆರೆದಾಗ ಎದುರಿಗೆ ನೀಲಿ ಯೂನಿಫಾರಂನ ಮೆಕ್ಯಾನಿಕ್ ಹುಡುಗಿ. ಕೆನ್ನೆಯ ಮೇಲೆ ಗ್ರೀಸು, ಒಂದೇ ಕಿವಿಯಲ್ಲಿ ಇಯರ್‌ಫೋನು, ಮುಖದ ಮೇಲೆ ಇನ್ನೂ ಆರದ ಸಿಟ್ಟು. ಯಾವನೋ ಪುಣ್ಯಾತ್ಮ ಇವಳನ್ನು ಕಾಯಿಸುತ್ತಿದ್ದಾನೆ ಅಂದುಕೊಂಡ ಕನ್ನಡಕದವನು. ಕಂಡು ಅರೆಗಳಿಗೆ ಕೂಡ ಆಗಿರಲಿಲ್ಲ, ಆಗಲೇ ಆ ಯಾವನೋ ಮೇಲೆ ಹೊಟ್ಟೆಕಿಚ್ಚು!

ಅದೇ ಕಟ್ಟಡದ ನೆಲಮಹಡಿಯಲ್ಲಿ ಅವನದೂ ಅವನ ಅಕ್ಕನದೂ ಕನ್ನಡಕದಂಗಡಿ. ಹಳೆಯ ಲಿಫ್ಟನ್ನು ಬಿಚ್ಚಿ ಹೊಸದಾಗಿ ಕೂರಿಸುವ ಕೆಲಸ ಶುರುವಾಗಿ ಅವಳು ದಿನವೂ ಬರತೊಡಗಿದಳು. ಮಧ್ಯಾಹ್ನ ಅಂಗಡಿ ಎದುರಿನ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತ ಒಬ್ಬಳೇ ಮಾತಾಡುತ್ತಿದ್ದಳು, ನಗುತ್ತಿದ್ದಳು, ಕೆಲವೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ದಿನ ಸೇಫ್ಟಿ ಕನ್ನಡಕ ಮೂಗಿಗೆ ಒತ್ತುತ್ತದೆಂದು ಒಳಗೆ ಬಂದಳು. ಅವನು ಅದನ್ನು ಸರಿಮಾಡುತ್ತ, ತಡೆಯಲಾರದೆ ಕೇಳಿದ:

"ದೋಣಿಯವರು ಕೊನೆಗೂ ಬಂದ್ರಾ ಮೇಡಂ?"

ಅವಳು ಒಂದು ಕ್ಷಣ ಪಿಳಿಪಿಳಿ ನೋಡಿದಳು. ಆಮೇಲೆ ನಕ್ಕಳು ನೋಡಿ, ಅಕ್ಕ ಒಳಗಿನಿಂದ ಇಣುಕಿದಳು.

"ಅದು ಕಾದಂಬರಿ ಕಣ್ರೀ! ದ್ವೀಪದಲ್ಲಿ ಲೈಟ್‌ಹೌಸ್ ಕಾಯೋನು ಒಬ್ಬ, ಈ ದಡದಲ್ಲಿ ಬಲೆ ಹೆಣೆಯೋಳು ಒಬ್ಬಳು. ನಾನು ಮಾತಾಡ್ತಿದ್ದಿದ್ದು ಈ ಓದೋ ಆ್ಯಪಲ್ಲಿರೋ ಎಐ ಜೊತೆ. ಸಿಟ್ಟು ಬಂದ್ರೆ ಇದರ ಮೇಲೆ ತೀರಿಸ್ಕೋತೀನಿ. ಆದ್ರೆ ಭಾರಿ ಗಟ್ಟಿ ಇದು. ನಾನು ಎಲ್ಲಿವರೆಗೆ ಓದಿರ್ತೀನೋ ಅಲ್ಲಿವರೆಗೆ ಮಾತ್ರ ಮಾತು. ಮುಂದೇನು ಅಂತ ಗೋಗರೆದ್ರೂ ಬಾಯಿ ಬಿಡಲ್ಲ."

ಹೇಳುತ್ತಲೇ ಫೋನ್ ತೆಗೆದು ಅವನಿಗೊಂದು ಪುಟ ಓದಿದಳು. ಕತ್ತಲಾಗುತ್ತಿರುವ ಕಡಲು, ದೂರದಲ್ಲಿ ಹತ್ತಿದ ದೀಪ. ಅವನು ಅರ್ಧಂಬರ್ಧ ಕೇಳಿಸಿಕೊಂಡ. ದಿನವಿಡೀ ಜನರ ಕಣ್ಣೊಳಗೆ ಬೆಳಕು ಬಿಟ್ಟು ನೋಡುವವನು ಅವನು. ಆದರೆ ಎದುರಿಗಿಲ್ಲದ ಕಡಲನ್ನು ನೋಡಿ ಕಣ್ಣು ಹೀಗೆ ಅರಳುವುದನ್ನು ಅವನು ಎಂದೂ ಕಂಡಿರಲಿಲ್ಲ. ಕೈಯಲ್ಲಿದ್ದ ಸಣ್ಣ ಸ್ಕ್ರೂ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

"ನೀವೂ ಓದಿ," ಅಂದಳು. "ನಿಮಗೇನನ್ನಿಸುತ್ತೆ ಅಂತ ಕೇಳೋ ಆಸೆ ನನಗೆ."

ಅವತ್ತೇ ಆ ಪುಸ್ತಕ ಅವನ ಫೋನಿಗೂ ಬಂತು. ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟಿದವನಲ್ಲ, ಎರಡು ಪುಟಕ್ಕೆ ಆಕಳಿಕೆ. ಹೋಗಲಿ, ಎಐಯನ್ನೇ ಕೇಳೋಣವೆಂದರೆ ಅದು ಆ ಎರಡು ಪುಟದಾಚೆ ಜಪ್ಪಯ್ಯ ಅನ್ನದು. ಆಗ ನಮ್ಮ ಬುದ್ಧಿವಂತ ಹೆಬ್ಬೆರಳಿನಿಂದ ಸರಸರ ಸರಿಸಿ ಕೊನೆಯ ಪುಟಕ್ಕೇ ಹೋದ. ಪುಸ್ತಕ ಮುಗಿಸಿದಿರಿ, ಅಭಿನಂದನೆಗಳು ಎಂದಿತು ಆ್ಯಪು.

"ಕೊನೆಗೆ ಅವನು ಬರ್ತಾನಾ?" ಎಂದು ಟೈಪ್ ಮಾಡಿದ.

"ಇಲ್ಲ, ಅವನು ದಡಕ್ಕೆ ಬರುವುದಿಲ್ಲ. ಆದರೆ..." ಎಂದು ಉತ್ತರ ಮೂಡತೊಡಗಿತ್ತು. ಅಷ್ಟರಲ್ಲಿ ಅಕ್ಕ ಕರೆದಳು. ಫೋನ್ ಜೇಬಿಗೆ ಹೋಯಿತು.

ಮರುದಿನ ಮೆಟ್ಟಿಲ ಮೇಲೆ ಇಬ್ಬರೂ ಚಹಾ ಹಿಡಿದು ಕೂತಾಗ ಅವನು ದೊಡ್ಡ ಮನುಷ್ಯನಂತೆ ನಿಟ್ಟುಸಿರಿಟ್ಟ. "ಕೊನೆಗೂ ಅವನು ಬರೋದೇ ಇಲ್ಲ ಅಲ್ವಾ. ತುಂಬಾ ಬೇಜಾರಾಯ್ತು."

ಅವಳ ಮುಖದ ಬಣ್ಣ ಇಳಿಯಿತು.

"ನಾನು ಕೊನೇ ಅಧ್ಯಾಯ ಓದಿಲ್ಲ," ಅಂದಳು ಮೆಲ್ಲಗೆ. "ಮುಗಿದ್ರೆ ಅವರಿಬ್ರೂ ನನ್ನ ಬಿಟ್ಟು ಹೋಗ್ತಾರೆ ಅಂತ ಉಳಿಸ್ಕೊಂಡಿದ್ದೆ."

ಅವನು ಚಹಾ ಲೋಟ ಕೆಳಗಿಟ್ಟ. ಅವಳೇ ಮತ್ತೆ ಕೇಳಿದಳು:

"ಒಂದು ಮಾತು ಕೇಳ್ಲಾ? ಶುರುವಿನಲ್ಲಿ ಅವಳು ಬಲೆ ಸುಡೋ ಜಾಗ ನಿಮಗೆ ಹೇಗನ್ನಿಸ್ತು?"

"ಅದಾ... ಚೆನ್ನಾಗಿತ್ತು. ತುಂಬಾ."

"ಅವಳು ಬಲೆ ಸುಡೋದೇ ಇಲ್ಲ." ಅವಳು ಎದ್ದು ನಿಂತಳು. "ಎಐ ಏನ್ ಹೇಳುತ್ತೆ ಅಂತ ಕೇಳೋಕೆ ನನ್ನ ಹತ್ರಾನೂ ಫೋನಿದೆ ಕನ್ನಡಕದವ್ರೇ. ನಾನು ಇಲ್ಲಿಗೆ ಬರ್ತಿದ್ದಿದ್ದು ನಿಮ್ಮನ್ನ ಕೇಳೋಕೆ."

ಅಂದಿನಿಂದ ಅವಳು ಕಟ್ಟಡದ ಹಿಂಬದಿಯ ಮೆಟ್ಟಿಲು ಬಳಸತೊಡಗಿದಳು. ಆ ಪುಸ್ತಕ ಮತ್ತೆ ತೆರೆದಿಲ್ಲವಂತೆ, ಕೊನೆ ಗೊತ್ತಾದ ಮೇಲೆ ಮನಸ್ಸೇ ಬರುತ್ತಿಲ್ಲವಂತೆ ಎಂದು ಅಕ್ಕ ಸುದ್ದಿ ತಂದಳು. "ಓದದೇ ಪರೀಕ್ಷೆ ಬರೆಯೋ ಚಾಳಿ ನಿನಗಿನ್ನೂ ಹೋಗಿಲ್ಲ ನೋಡು," ಎಂದು ಬೈದಳು ಬೇರೆ.

ಅವನು ಫೋನ್ ತೆರೆದು ನಡೆದದ್ದನ್ನೆಲ್ಲ ಬರೆದ. ಅವಳಿಗೆ ಏನು ಹೇಳಲಿ ಎಂದು ಕೇಳಿದ.

"ಕ್ಷಮೆ ಕೇಳಲು ಮಾತು ಹೊಂದಿಸಿಕೊಡಬಲ್ಲೆ," ಎಂದಿತು ಅದು. "ಆದರೆ ಅವರು ಕೇಳಿದ್ದು ನಿಮಗೇನನ್ನಿಸಿತು ಎಂದು. ಅದು ನನಗೆ ಗೊತ್ತಿಲ್ಲ. ಮೊದಲ ಪುಟಕ್ಕೆ ಹೋಗೋಣವೇ?"

ಹೋದ. ಗಿರಾಕಿಗಳಿಲ್ಲದ ಹೊತ್ತಲ್ಲಿ, ಲೆನ್ಸ್ ಕತ್ತರಿಸುವ ಯಂತ್ರ ಗುಂಯ್‌ಗುಟ್ಟುವಾಗ, ಬಸ್ಸಿನಲ್ಲಿ ಓದಿದ. ಪೆದ್ದುಪೆದ್ದಾದ ಪ್ರಶ್ನೆ ಕೇಳಿದ. ಬಲೆಗೆ ಗಂಟು ಹಾಕುವುದು ಹೇಗೆ, ಅಲೆಯ ಸದ್ದು ದ್ವೀಪದ ಆಚೆ ಬದಿಗೆ ಯಾಕೆ ಬೇರೆ. ಅದು ನಗದೆ ಹೇಳಿಕೊಟ್ಟಿತು. ಕೆಲವು ಸಲ, ನಿಮಗೇನನ್ನಿಸುತ್ತದೆ ಎಂದು ತಿರುಗಿ ಕೇಳಿ ಸುಮ್ಮನಾಯಿತು. ಬರೀ ಅಕ್ಷರಗಳಿಂದ ಒಂದು ಇಡೀ ಕಡಲು ಎದ್ದು ತನ್ನ ಅಂಗಡಿಯೊಳಗೆ ಬಂದು ನಿಲ್ಲಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಯ ಅಧ್ಯಾಯ ಓದುವಾಗ ಅವನು ಏನೂ ಕೇಳಲಿಲ್ಲ. ತಾನು ಅವಳಿಗೆ ಹೇಳಿದ್ದು ಅರ್ಧ ಮಾತ್ರ ಎಂಬುದು ಆಗ ತಿಳಿಯಿತು. ಉಳಿದರ್ಧ ಹೇಳಿದರೆ ಮತ್ತೆ ಅದೇ ತಪ್ಪು!

ಲಿಫ್ಟ್ ಕೆಲಸ ಮುಗಿದ ದಿನ ಅವಳು ಮೇಲಿನ ಮಹಡಿಯಲ್ಲಿ ಸಾಮಾನು ಜೋಡಿಸುತ್ತಿದ್ದಳು. ಹೊಸ ಲಿಫ್ಟ್ ಪಕ್ಕದಲ್ಲೇ ಇದ್ದರೂ ಅವನು ಮೆಟ್ಟಿಲು ಹತ್ತಿಕೊಂಡು ಏದುಸಿರು ಬಿಡುತ್ತ ಬಂದ.

"ನಾನು ಹೇಳಿದ್ದು ಕೊನೆಯೇ ಅಲ್ಲ."

ಅವಳ ಕೈ ನಿಂತಿತು. "ಅಂದ್ರೆ ಅವನು ಬರ್ತಾನಾ?"

"ಹೇಳಲ್ಲ."

"ಬರಲ್ವಾ?"

"ಅದನ್ನೂ ಹೇಳಲ್ಲ. ನೀವೇ ಓದ್ಬೇಕು."

"ನಿಮ್ಮನ್ನ ನಂಬಿ ಒಂದು ಸಲ ಸಾಕಾಗಿದೆ."

"ಸರಿ. ನನಗೇನನ್ನಿಸ್ತು ಅಂತ ಕೇಳಿದ್ರಲ್ಲ, ಅಷ್ಟು ಮಾತ್ರ ಹೇಳ್ತೀನಿ." "ಅವಳು ದಿನಾ ಸಂಜೆ ಬಲೆ ಹಿಡ್ಕೊಂಡು ದಡಕ್ಕೆ ಬಂದು ಕೂರ್ತಾಳಲ್ಲ. ಅಷ್ಟು ದೂರದ ದೀಪದ ಬೆಳಕಲ್ಲಿ ಹೆಣೆಯೋಕಾಗಲ್ಲ ಅಂತ ಗೊತ್ತಿದ್ದೂ ಕೂರ್ತಾಳಲ್ಲ. ಅಲ್ಲಿಗೆ ಬಂದಾಗ ನನಗೆ ಅಳು ಬಂತು. ಗಿರಾಕಿ ಎದುರಿಗೇ. ಯಾಕೆ ಅಂತ ಎಐನ ಕೇಳಲಿಲ್ಲ. ನೀವು ಕೂರ್ತಿದ್ದ ಮೆಟ್ಟಿಲು ನೋಡಿದೆ, ಗೊತ್ತಾಯ್ತು."

ಅವಳು ಸಾಮಾನಿನ ಚೀಲ ಮುಚ್ಚಿಟ್ಟಳು. ಆಮೇಲೆ ಕೆಳಗಿಳಿದು ಬಂದು, ಅಂಗಡಿಯೊಳಗಿನ ಕಣ್ಣುಪರೀಕ್ಷೆಯ ಕುರ್ಚಿಯಲ್ಲಿ ಕೂತು, ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟು ಓದತೊಡಗಿದಳು. ಅಕ್ಕ ಗಿರಾಕಿಗಳನ್ನೆಲ್ಲ ಬಾಗಿಲಲ್ಲೇ ಮಾತಿಗೆಳೆದು ನಿಲ್ಲಿಸಿಕೊಂಡಳು.

ಕನ್ನಡಕದವನು ಕೌಂಟರಿನ ಹಿಂದೆ ನಿಂತು ಒಂದೇ ಗಾಜನ್ನು ಒರೆಸಿದ್ದೇ ಒರೆಸಿದ್ದು. ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು. ಹುಬ್ಬು ಗಂಟಿಕ್ಕಿತು, ಸಡಿಲವಾಯಿತು. ಆಮೇಲೆ ಅವಳ ಕಣ್ಣು ತುಂಬಿತು.

"ಅವಳೇ ಹೋಗ್ತಾಳೆ," ಅಂದಳು ಪಿಸುದನಿಯಲ್ಲಿ. "ಈಜು ಬಾರದವಳು! ಒಬ್ಬಳೇ ಹುಟ್ಟು ಹಾಕ್ಕೊಂಡು."

"ಹೂಂ."

"ಅವನು ದೀಪ ಬಿಟ್ಟು ಬರೋ ಹಾಗೇ ಇರಲಿಲ್ಲ. ಬಂದಿದ್ರೆ ಬೇರೆ ದೋಣಿಗಳ ಗತಿ? ಇಷ್ಟು ದಿನ ಪಾಪ, ಅವನನ್ನೇ ಬೈತಿದ್ನಲ್ರೀ."

ಹೇಳಬೇಕಾದ್ದು ನಾಲಿಗೆಯ ತುದಿಯಲ್ಲಿತ್ತು, ಅವನ ಬಾಯಿ ಮಾತ್ರ ತೆರೆಯಲಿಲ್ಲ. ಅವಳು ಕಣ್ಣೊರೆಸಿಕೊಂಡು ಎದ್ದಳು. ಬಾಗಿಲ ಕಡೆ ತಿರುಗುತ್ತಾಳೆಂದು ಅವನು ಗಾಬರಿಯಾದ. ಅವಳು ಕೌಂಟರಿನ ಹಲಗೆ ಎತ್ತಿ ಅವನ ಪಕ್ಕಕ್ಕೇ ಬಂದು ನಿಂತಳು.

"ನೀವು ಬರೋದನ್ನ ಕಾಯ್ತಾ ಕೂತ್ರೆ ಆಗೋ ಕೆಲಸ ಅಲ್ಲ ಇದು," ಅಂದಳು. "ಅದಕ್ಕೇ ನಾನೇ ಬಂದೆ."